ಹಕ್ಕಿ ಅಂದದ್ದು ಅಕ್ಕಿ ಅಂತ ಕೇಳಿದರೆ ತಪ್ಪು ಯಾರದ್ದು?
ಥಿನ್ ಕ್ಲೈಂಟ್ ಲ್ಯಾಬಿನಲ್ಲಿ ಹೆಡ್‌ಸೆಟ್ ಕರೆಯ ಗುಣಮಟ್ಟ: ನಾವೇ ಮಾಡಬಹುದಾದ ಪರೀಕ್ಷೆ

"ಟೀಚರ್, ಕೇಳ್ತಾ ಉಂಟಾ?" "ಸರ್, ನಿಮ್ಮ ಸ್ವರ ಕಟ್ ಆಗ್ತಾ ಉಂಟು." ಆನ್‌ಲೈನ್ ತರಬೇತಿ ಇರಲಿ, ದೂರದ ಸಂಪನ್ಮೂಲ ವ್ಯಕ್ತಿಯ ಪಾಠ ಇರಲಿ, ಮೊದಲ ಹತ್ತು ನಿಮಿಷ ಇದರಲ್ಲೇ ಹೋಗುತ್ತದೆ. ಕೊನೆಗೆ ಯಾರಾದರೊಬ್ಬರು "ನೆಟ್ ಸರಿ ಇಲ್ಲ" ಅಂತ ತೀರ್ಪು ಕೊಡುತ್ತಾರೆ, ಅಲ್ಲಿಗೆ ವಿಚಾರಣೆ ಮುಗಿಯಿತು. ಇದೇ ತೀರ್ಪನ್ನು ವಿಜ್ಞಾನ ಶಿಕ್ಷಕರಾದ ನಾವು ಪ್ರಯೋಗದ ಪುಸ್ತಕದಲ್ಲಿ ಒಪ್ಪುತ್ತೇವೆಯೇ? ಬಲ್ಬ್ ಉರಿಯದಿದ್ದಾಗ "ಕರೆಂಟ್ ಸರಿ ಇಲ್ಲ" ಎಂದು ಬರೆದ ಮಗುವಿಗೆ ಸೆಲ್ ನೋಡು, ತಂತಿ ನೋಡು, ಸ್ವಿಚ್ ನೋಡು, ಒಂದೊಂದಾಗಿ ನೋಡು ಅಂತ ಹೇಳುತ್ತೇವೆ. ಕರೆಯ ಸ್ವರಕ್ಕೂ ಅದೇ ಕ್ರಮ ಬೇಕು.

ಗಡಿನಾಡಿನ ನಮಗೆ ಈ ವಿಷಯ ಸ್ವಲ್ಪ ಹೆಚ್ಚೇ ಮುಖ್ಯ. ನಮ್ಮ ಅನೇಕ ಮಕ್ಕಳಿಗೆ ಮನೆಯಲ್ಲಿ ತುಳು, ಮಲಯಾಳ, ಮರಾಠಿ, ತೆಲುಗು, ತಮಿಳು, ಕೊಂಕಣಿ. ಅವರಿಗೆ ಕನ್ನಡ ಕಿವಿಗೆ ಬೀಳುವುದು ಶಾಲೆಯಲ್ಲಿ. ಆ ಕನ್ನಡವೂ ತಂತಿಯ ಮೂಲಕ ಬರುವಾಗ ದಾರಿಯಲ್ಲಿ ಅಕ್ಷರ ಉದುರಿದರೆ ಮಗು ಕಲಿಯುವುದು ಉದುರಿದ ಅಕ್ಷರವನ್ನೇ. ತಿರುಗಿ ಮಗು ಓದಿದ್ದನ್ನು ನಾವು ಅದೇ ದಾರಿಯಲ್ಲಿ ಕೇಳಿ "ಉಚ್ಚಾರ ಸ್ಪಷ್ಟವಿಲ್ಲ" ಎಂದು ಬರೆದರೆ, ದಾರಿಯ ತಪ್ಪಿಗೆ ಮಗುವಿಗೆ ಶಿಕ್ಷೆ ಕೊಟ್ಟ ಹಾಗಾಯಿತು.

ಥಿನ್ ಕ್ಲೈಂಟ್ ಅಂದರೆ ಏನು?

ಮೇಜಿನ ಮೇಲೆ ಇರುವುದು ಒಂದು ಪುಟ್ಟ ಪೆಟ್ಟಿಗೆ, ಪರದೆ, ಕೀಲಿಮಣೆ, ಮೌಸ್. ನಿಜವಾದ ಕಂಪ್ಯೂಟರ್ ಕೆಲಸ ನಡೆಯುವುದು ಬೇರೆ ಕಡೆಯ ಸರ್ವರ್‌ನಲ್ಲಿ. ಆ ಸರ್ವರ್ ಪಕ್ಕದ ಕೋಣೆಯಲ್ಲೂ ಇರಬಹುದು, ಸಾವಿರ ಕಿಲೋಮೀಟರ್ ದೂರದ ಡೇಟಾ ಸೆಂಟರ್‌ನಲ್ಲೂ ಇರಬಹುದು. ಸರ್ವರ್ ಪರದೆಯ ಚಿತ್ರವನ್ನು ಕಳುಹಿಸುತ್ತದೆ, ನಾವು ಒತ್ತಿದ ಕೀಲಿ ಅಲ್ಲಿಗೆ ಹೋಗುತ್ತದೆ. ಹೀಗೆ ದೂರದಿಂದ ಬಳಸುವ ಡೆಸ್ಕ್‌ಟಾಪ್‌ಗೆ ವರ್ಚುವಲ್ ಡೆಸ್ಕ್‌ಟಾಪ್ ಎಂದು ಹೆಸರು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವುದರಿಂದ ಖರ್ಚು ಕಡಿಮೆ, ನಿರ್ವಹಣೆ ಒಂದೇ ಕಡೆ. 2008ರ ಸುಮಾರಿಗೆ ಆಂಧ್ರಪ್ರದೇಶದ ಸರಕಾರಿ ಶಾಲೆಗಳಿಗೆ ಎನ್‌ಕಂಪ್ಯೂಟಿಂಗ್ ಸಂಸ್ಥೆಯ ಇಂಥ ಪೆಟ್ಟಿಗೆಗಳು ಬಂದಿದ್ದವು. ರಾಯದುರ್ಗ, ಮಡಕಶಿರಾ ಕಡೆಯ ಹಿರಿಯ ಶಿಕ್ಷಕರಿಗೆ ಆ ಹೆಸರು ನೆನಪಿರಬಹುದು. ಬ್ಯಾಂಕು, ಆಸ್ಪತ್ರೆ, ಕಾಲ್ ಸೆಂಟರ್‌ಗಳಲ್ಲಂತೂ ಇದು ಸಾಮಾನ್ಯ. ಬೆಂಗಳೂರು, ಪುಣೆ, ಹೈದರಾಬಾದಿಗೆ ಕೆಲಸಕ್ಕೆ ಹೋದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ದಿನವಿಡೀ ಹೆಡ್‌ಸೆಟ್ ಹಾಕಿ ಕೂರುವುದು ಇಂಥ ಪೆಟ್ಟಿಗೆಯ ಮುಂದೆಯೇ.

ಅಕ್ಷರ ಟೈಪ್ ಮಾಡುವಾಗ, ಚಿತ್ರ ನೋಡುವಾಗ ಸ್ವಲ್ಪ ತಡವಾದರೆ ಯಾರಿಗೂ ತಿಳಿಯುವುದಿಲ್ಲ. ಮಾತಿಗೆ ಹಾಗಲ್ಲ. 2020ರ ಜೂನ್‌ನಲ್ಲಿ ಕೇರಳದಲ್ಲಿ ಫಸ್ಟ್ ಬೆಲ್ ತರಗತಿಗಳು ವಿಕ್ಟರ್ಸ್ ವಾಹಿನಿಯಲ್ಲಿ ಶುರುವಾದಾಗ ಪಾಠ ಎರಡು ಸೆಕೆಂಡ್ ತಡವಾಗಿ ಬಂದರೂ ತೊಂದರೆ ಇರಲಿಲ್ಲ, ಅದು ಒಮ್ಮುಖ. ಕರೆ ಇಮ್ಮುಖ. ಅಲ್ಲಿ ಕಾಲು ಸೆಕೆಂಡ್ ತಡವಾದರೂ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ, ಇಬ್ಬರೂ ನಿಲ್ಲಿಸಿ, "ನೀವು ಹೇಳಿ, ನೀವು ಹೇಳಿ" ಎಂಬ ಪಾಡು.

ಸ್ವರ ಹೋಗುವ ದಾರಿ

ಮಗು "ಹಕ್ಕಿ" ಅನ್ನುತ್ತದೆ. ಮೈಕ್ ಗಾಳಿಯ ಒತ್ತಡದ ಏರಿಳಿತವನ್ನು ವಿದ್ಯುತ್ ಸಂಕೇತ ಮಾಡುತ್ತದೆ. ಯುಎಸ್‌ಬಿ ಹೆಡ್‌ಸೆಟ್ ಆದರೆ ಅದರೊಳಗಿನ ಚಿಪ್ಪೇ ಅದನ್ನು ಸಂಖ್ಯೆಗಳಾಗಿ ಬದಲಿಸುತ್ತದೆ. ಆ ಸಂಖ್ಯೆಗಳನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡು ಮಾಡಿ, ಸಂಕುಚಿಸಿ, ಪ್ಯಾಕೆಟ್ ಕಟ್ಟಿ ಕಳುಹಿಸುತ್ತಾರೆ. ಅಂದರೆ ಸೆಕೆಂಡಿಗೆ 50 ಪ್ಯಾಕೆಟ್.

ಮಾಮೂಲಿ ಲ್ಯಾಪ್‌ಟಾಪ್‌ನಿಂದ ಈ ಪ್ಯಾಕೆಟ್ ನೇರ ಇಂಟರ್ನೆಟ್ಟಿಗೆ ಹೋಗುತ್ತದೆ. ಥಿನ್ ಕ್ಲೈಂಟ್‌ನಲ್ಲಿ ಮೊದಲು ಸರ್ವರ್‌ಗೆ ಹೋಗಬೇಕು. ಅಲ್ಲಿ ಬಿಚ್ಚಿ ಕರೆಯ ತಂತ್ರಾಂಶಕ್ಕೆ ಕೊಡಬೇಕು. ಆ ತಂತ್ರಾಂಶ ಮತ್ತೆ ಸಂಕುಚಿಸಿ, ಮತ್ತೆ ಪ್ಯಾಕೆಟ್ ಕಟ್ಟಿ ಇನ್ನೊಬ್ಬರಿಗೆ ಕಳುಹಿಸಬೇಕು. ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗೆ. ಮಾತನಾಡುವ ಇಬ್ಬರೂ ಒಂದೇ ಊರಿನಲ್ಲಿದ್ದರೂ ಸ್ವರ ಡೇಟಾ ಸೆಂಟರ್‌ಗೆ ಹೋಗಿ ವಾಪಸು ಬರುತ್ತದೆ. ಮಂಜೇಶ್ವರದಿಂದ ಉಪ್ಪಳಕ್ಕೆ ಚೆನ್ನೈ ಮೇಲೆ ಹೋದ ಹಾಗೆ.

ದೂರವೇ ದೊಡ್ಡ ತೊಂದರೆ ಅಂತ ತಿಳಿಯಬೇಡಿ. ಗಾಜಿನ ತಂತಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್, 1000 ಕಿ.ಮೀ.ಗೆ ಬರೀ 5 ಮಿಲಿಸೆಕೆಂಡ್. ಸಮಯ ತಿನ್ನುವುದು ಕಾಯುವ ಜಾಗಗಳು. ಪ್ಯಾಕೆಟ್‌ಗಳು ಒಂದೇ ಅಂತರದಲ್ಲಿ ಬರುವುದಿಲ್ಲ; ಕೆಲವು ಬೇಗ, ಕೆಲವು ತಡ. ಈ ಏರುಪೇರಿಗೆ ಜಿಟ್ಟರ್ ಎನ್ನುತ್ತಾರೆ. ಅದನ್ನು ಸರಿದೂಗಿಸಲು ಕೇಳುವ ಕಡೆ ಕೆಲವು ಪ್ಯಾಕೆಟ್ ಕೂಡಿಸಿಟ್ಟು ಆಮೇಲೆ ನುಡಿಸುತ್ತಾರೆ. ದಾರಿ ಎರಡು ತುಂಡಾದರೆ ಈ ಕಾಯುವಿಕೆಯೂ ಎರಡು. ಸರ್ವರ್ ಮೇಲೆ ಮೂವತ್ತು ಮಕ್ಕಳು ಒಟ್ಟಿಗೆ ಕೂತರೆ ಅಲ್ಲಿ ಮೂರನೆಯ ಸರದಿ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ ಬಾಯಿಂದ ಕಿವಿಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಹೆಚ್ಚಿನ ಬಳಕೆಗೆ ತೊಂದರೆ ಇಲ್ಲ. ಜಾಲವನ್ನು ಯೋಜಿಸುವಾಗ 400 ಮೀರಬಾರದು. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಅಳೆಯುವಾಗ ಬೇಕಾಗುತ್ತದೆ.

ಸುತ್ತುದಾರಿ ತಪ್ಪಿಸುವ ಉಪಾಯವೂ ಉಂಟು. ಸಿಟ್ರಿಕ್ಸ್‌ನಂಥ ವ್ಯವಸ್ಥೆಗಳಲ್ಲಿ ಮೈಕ್ರೋಸಾಫ್ಟ್ ಟೀಮ್ಸ್, ಝೂಮ್ ಮೊದಲಾದವುಗಳ ಪರದೆ ಮಾತ್ರ ಸರ್ವರ್‌ನಲ್ಲಿದ್ದು, ಸ್ವರ ಮತ್ತು ವಿಡಿಯೋ ಥಿನ್ ಕ್ಲೈಂಟ್‌ನಿಂದಲೇ ನೇರ ಹೊರಗೆ ಹೋಗುವ ಏರ್ಪಾಡು ಇದೆ. ಇದಕ್ಕೆ ಪೆಟ್ಟಿಗೆಯಲ್ಲೂ ಸರ್ವರ್‌ನಲ್ಲೂ ಎರಡು ಕಡೆ ತಂತ್ರಾಂಶ ಹೊಂದಬೇಕು. ಒಂದು ಕಡೆ ಹಳೆಯದಾದರೆ ವ್ಯವಸ್ಥೆ ಸದ್ದಿಲ್ಲದೆ ಸುತ್ತುದಾರಿಗೆ ಮರಳಬಹುದು. ಪರದೆ ನೋಡಿ ಗೊತ್ತಾಗುವುದಿಲ್ಲ, ಅಳೆದು ನೋಡಿದರೆ ಗೊತ್ತಾಗುತ್ತದೆ.

ಕನ್ನಡದ ಯಾವ ಅಕ್ಷರ ಎಲ್ಲಿ ಉದುರುತ್ತದೆ?

ಹಳೆಯ ದೂರವಾಣಿಯ ಸ್ವರ 300ರಿಂದ 3400 ಹರ್ಟ್ಸ್ ಒಳಗೆ ಇತ್ತು, ಸೆಕೆಂಡಿಗೆ 8000 ಮಾದರಿ. ಈಗಿನ ಅಗಲ ಪಟ್ಟಿಯ ಕರೆ 16,000 ಮಾದರಿ ತೆಗೆದು 7000 ಹರ್ಟ್ಸ್‌ವರೆಗೆ ಸಾಗಿಸುತ್ತದೆ. 2012ರಲ್ಲಿ ಅಂತರಜಾಲದ ಮಾನಕವಾದ ಓಪಸ್ ಎಂಬ ಸಂಕೇತಕ್ರಮ ಅದಕ್ಕಿಂತಲೂ ಮೇಲಕ್ಕೆ ಹೋಗಬಲ್ಲದು. ನಮ್ಮ 'ಸ' ಕಾರದ ಸುಯ್ ಶಬ್ದದ ಶಕ್ತಿ ಹೆಚ್ಚಾಗಿ 4000 ಹರ್ಟ್ಸ್‌ಗಿಂತ ಮೇಲೆ. 'ಶ' ಅದಕ್ಕಿಂತ ಕೆಳಗೆ. ಕಿರಿದಾದ ಪಟ್ಟಿಯಲ್ಲಿ 'ಸ'ದ ಗುರುತೇ ಕತ್ತರಿಸಿ ಹೋಗುತ್ತದೆ. ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಚೆನ್ನಾಗಿ ಕೇಳಿ, ಮೈಕ್ ಆನ್ ಮಾಡಿದ ಕೂಡಲೇ ಸ್ವರ ಡಬ್ಬದೊಳಗಿಂದ ಬಂದ ಹಾಗಾಗುವುದು ಇದಕ್ಕೇ. ಹಾಡಿನ ವಿಧಾನ ಒಮ್ಮುಖ. ಮೈಕ್ ಬೇಕಾದಾಗ ಅದು ಹ್ಯಾಂಡ್ಸ್‌ಫ್ರೀ ವಿಧಾನಕ್ಕೆ ಇಳಿಯುತ್ತದೆ, ಅದರಲ್ಲಿ ಸಾಮಾನ್ಯವಾಗಿ 8000 ಅಥವಾ 16,000 ಮಾದರಿ.

'ಹ' ಇನ್ನೊಂದು ಕತೆ. ಅದು ಬರೀ ಉಸಿರು, ಮೆಲ್ಲಗಿನ ಸದ್ದು. ಕರೆಯ ತಂತ್ರಾಂಶಗಳಲ್ಲಿ ಫ್ಯಾನ್ ಸದ್ದು, ಮಳೆ ಸದ್ದು ಅಳಿಸುವ ಏರ್ಪಾಡು ಇರುತ್ತದೆ. ಯಾರೂ ಮಾತನಾಡದಾಗ ಕಳುಹಿಸುವುದನ್ನೇ ನಿಲ್ಲಿಸುವ ಏರ್ಪಾಡೂ ಇರುತ್ತದೆ. ಮಾತು ಶುರುವಾಯಿತು ಎಂದು ಯಂತ್ರಕ್ಕೆ ತಿಳಿಯುವಷ್ಟರಲ್ಲಿ ಶಬ್ದದ ತಲೆ ಹೋಗಿರಬಹುದು. ಹಕ್ಕಿ ಹಾರಿ ಅಕ್ಕಿ ಉಳಿಯುವುದು ಹೀಗೆ. ಆಡುಮಾತಿನಲ್ಲಿ 'ಹ' ಬಿಡುವ ರೂಢಿ ಕನ್ನಡದ ಕೆಲವು ಕಡೆ ಇದ್ದೇ ಇದೆ. ಹಾಗಾಗಿ ಯಂತ್ರ ನುಂಗಿದ 'ಹ'ವನ್ನೂ ಮಗುವಿನ ಲೆಕ್ಕಕ್ಕೆ ಬರೆಯುವುದು ನಮಗೆ ಬಹಳ ಸುಲಭ.

ಲ–ಳ, ನ–ಣ ಭೇದ ಗೊತ್ತಾಗುವುದು ಮುಖ್ಯವಾಗಿ ಹಿಂದಿನ ಸ್ವರದಿಂದ ವ್ಯಂಜನಕ್ಕೆ ನಾಲಗೆ ಮಡಚುವ ಕ್ಷಣದಲ್ಲಿ. ಅದು ಕೆಲವು ಹತ್ತು ಮಿಲಿಸೆಕೆಂಡಿನ ಕೆಲಸ. ಅಲ್ಲೇ ಎರಡು ಪ್ಯಾಕೆಟ್ ಕಳೆದುಹೋದರೆ ಯಂತ್ರ ಅಕ್ಕಪಕ್ಕದ ಸದ್ದು ನೋಡಿ ತೇಪೆ ಹಾಕುತ್ತದೆ. ತೇಪೆ ನುಣ್ಣಗಿರುತ್ತದೆ, ಅಕ್ಷರ ಇರುವುದಿಲ್ಲ. ಬೆಳೆ–ಬೇಳೆ, ಕತೆ–ಕತ್ತೆ ಇವುಗಳಲ್ಲಿ ಭೇದ ಇರುವುದು ಅವಧಿಯಲ್ಲಿ. ಜಿಟ್ಟರ್ ಸರಿದೂಗಿಸಲು ಯಂತ್ರ ಸದ್ದನ್ನು ಎಳೆದಾಗ, ಒತ್ತಿದಾಗ ಇವು ಅಲುಗುತ್ತವೆ.

ಪದಗಳ ಪರೀಕ್ಷೆ

ಶಬ್ದಗಳನ್ನು ಓದಿ, ಕೇಳಿದವರಿಂದ ಬರೆಸಿ, ದೂರವಾಣಿಯ ಗುಣ ಅಳೆಯುವ ಕ್ರಮ ನೂರು ವರ್ಷಕ್ಕಿಂತ ಹಳೆಯದು. ಅಮೆರಿಕದ ಬೆಲ್ ದೂರವಾಣಿ ಪ್ರಯೋಗಾಲಯದಲ್ಲಿ ಹಾರ್ವೆ ಫ್ಲೆಚರ್ ಮತ್ತು ಸಂಗಡಿಗರು ಅರ್ಥವಿಲ್ಲದ ಉಚ್ಚಾರಾಂಶಗಳನ್ನು ಓದಿಸಿ ಇದನ್ನು ವ್ಯವಸ್ಥಿತವಾಗಿ ಬೆಳೆಸಿದರು. ಅರ್ಥ ಇಲ್ಲದ ಶಬ್ದ ಯಾಕೆ? "ಮರದ ಮೇಲೆ ಹಕ್ಕಿ ಕೂತಿದೆ" ಅಂದರೆ 'ಹ' ಕೇಳದಿದ್ದರೂ ಮನಸ್ಸು ಅದನ್ನು ತುಂಬಿಸಿಕೊಳ್ಳುತ್ತದೆ. ಆಗ ನಾವು ಅಳೆಯುವುದು ತಂತಿಯನ್ನಲ್ಲ, ಕೇಳುವವನ ಬುದ್ಧಿಯನ್ನು. ನಮ್ಮ ಪರೀಕ್ಷೆಯಲ್ಲಿ ವಾಕ್ಯ ಬೇಡ, ಒಂಟಿ ಪದದ ಜೋಡಿ ಸಾಕು.

ಈ ಹತ್ತು ಜೋಡಿಗಳನ್ನು ಕಾಗದದಲ್ಲಿ ಬರೆದುಕೊಳ್ಳಿ.

ಶಬ್ದದ ತಲೆ: ಅಕ್ಕಿ–ಹಕ್ಕಿ, ಆಡು–ಹಾಡು, ಉಳಿ–ಹುಳಿ.
ಸುಯ್ ಸದ್ದು: ಸರ–ಶರ, ಸಾಲು–ಶಾಲು.
ನಾಲಗೆ ಮಡಿಕೆ: ಹಲ್ಲಿ–ಹಳ್ಳಿ, ಬಲೆ–ಬಳೆ, ಅನ್ನ–ಅಣ್ಣ.
ಅವಧಿ: ಬೆಳೆ–ಬೇಳೆ, ಕತೆ–ಕತ್ತೆ.

ಮಹಾಪ್ರಾಣ ಸೇರಿಸಿಲ್ಲ, ಮಾತಿನಲ್ಲಿ ಅದನ್ನು ನಮ್ಮಲ್ಲೇ ಹೆಚ್ಚಿನವರು ಉಳಿಸುವುದಿಲ್ಲ. ಓದುವವರು ಈ ಹತ್ತೂ ಭೇದವನ್ನು ಸ್ಪಷ್ಟವಾಗಿ ಹೇಳಬಲ್ಲವರಾಗಿರಬೇಕು.

ಪ್ರತಿ ಜೋಡಿ ಎರಡು ಸಲ ಬರಲಿ, ಒಟ್ಟು 20 ಸರದಿ. ಪ್ರತಿ ಸಲವೂ ನಾಣ್ಯ ಚಿಮ್ಮಿ ಎರಡರಲ್ಲಿ ಯಾವುದನ್ನು ಓದಬೇಕು ಎಂದು ತೀರ್ಮಾನಿಸಿ, ಗುಟ್ಟಾಗಿ ಬರೆದುಕೊಳ್ಳಿ. ಕೇಳುವವರಿಗೆ ಜೋಡಿ ಯಾವುದು ಅಂತ ಗೊತ್ತಿರುತ್ತದೆ, ಓದಿದ್ದು ಯಾವುದು ಅಂತ ಗೊತ್ತಿರುವುದಿಲ್ಲ. ಕೇಳಿದ್ದಕ್ಕೆ ಗುರುತು ಹಾಕಬೇಕು. ಸಂಶಯ ಇದ್ದರೂ ಒಂದನ್ನು ಆರಿಸಲೇಬೇಕು. ಕ್ಯಾಮರಾ ಬಂದ್ ಇರಲಿ, ತುಟಿ ನೋಡಿ ಓದುವುದು ಬೇಡ.

ಬರೀ ಊಹೆಯಿಂದ ಸರಾಸರಿ 10 ಸರಿಯಾಗುತ್ತದೆ. 15 ಅಥವಾ ಹೆಚ್ಚು ಊಹೆಯಿಂದಲೇ ಸರಿಯಾಗುವ ಸಂಭವ ನೂರಕ್ಕೆ ಸುಮಾರು 2. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠಕ್ಕೆ ಒಳ್ಳೆಯ ಉದಾಹರಣೆ. ಆದರೆ ನಮಗೆ ಬೇಕಾದದ್ದು 15 ಅಲ್ಲ, ಎದುರಾಎದುರು ಕೂತಾಗ ಬಂದಷ್ಟೇ ಅಂಕ. ಅದಕ್ಕೇ ಪರೀಕ್ಷೆಯನ್ನು ಐದು ಮೆಟ್ಟಿಲಲ್ಲಿ ಮಾಡಬೇಕು.

ಒಂದು: ಯಂತ್ರ ಇಲ್ಲದೆ. ಕೇಳುವವರು ಮೂರು ಮೀಟರ್ ದೂರದಲ್ಲಿ ಬೆನ್ನು ತಿರುಗಿಸಿ ಕೂರಲಿ. ಇಲ್ಲಿ 19–20 ಬರಬೇಕು. ಬಾರದಿದ್ದರೆ ತೊಂದರೆ ಓದುವವರದ್ದು ಅಥವಾ ಕೇಳುವವರದ್ದು, ಮುಂದೆ ಹೋಗುವುದು ಬೇಡ.

ಎರಡು: ಹೆಡ್‌ಸೆಟ್ ಮಾತ್ರ. ಅದೇ ಹೆಡ್‌ಸೆಟ್ಟನ್ನು ಮಾಮೂಲಿ ಲ್ಯಾಪ್‌ಟಾಪ್‌ಗೆ ಹಾಕಿ ರೆಕಾರ್ಡ್ ಮಾಡಿ, ಅದರಲ್ಲೇ ಕೇಳಿ.

ಮೂರು: ಥಿನ್ ಕ್ಲೈಂಟ್‌ನ ವರ್ಚುವಲ್ ಡೆಸ್ಕ್‌ಟಾಪ್ ಒಳಗೆ ರೆಕಾರ್ಡ್ ಮಾಡಿ, ಅಲ್ಲೇ ಕೇಳಿ. ಸ್ವರ ಸರ್ವರ್‌ಗೆ ಹೋಗಿ ಬಂತು; ಕರೆ ಇನ್ನೂ ಶುರುವಾಗಿಲ್ಲ.

ನಾಲ್ಕು: ನಿಜವಾದ ಕರೆ, ಲ್ಯಾಬ್ ಖಾಲಿ.

ಐದು: ಅದೇ ಕರೆ, ಲ್ಯಾಬ್ ತುಂಬ ಮಕ್ಕಳು, ನಾಲ್ಕು ಪರದೆಯಲ್ಲಿ ವಿಡಿಯೋ.

ಅಂಕ ಯಾವ ಮೆಟ್ಟಿಲಲ್ಲಿ ಬಿತ್ತೋ ದೋಷ ಆ ಮೆಟ್ಟಿಲಲ್ಲಿ ಹೊಸತಾಗಿ ಸೇರಿದ ಭಾಗದಲ್ಲಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಇದು ಬಿಟ್ಟು ಬೇರೆ ಗುಟ್ಟೇನಿಲ್ಲ. ಬೇರೆ ಬೇರೆ ಕೇಳುಗರೊಂದಿಗೆ ಮೂರು ಸಲ ಮಾಡಿ ಕೂಡಿಸಿ. ಒಂದೇ ಸಲ ಎರಡು 'ಸ' ತಪ್ಪಿತೆಂದು ಹೆಡ್‌ಸೆಟ್ ಎಸೆಯಬೇಡಿ.

ವಿಳಂಬ ಅಳೆಯುವುದು

ಇದಕ್ಕೆ ಒಂದು ಮೊಬೈಲ್ ಸಾಕು. ಎರಡೂ ಥಿನ್ ಕ್ಲೈಂಟ್ ಒಂದೇ ಕೋಣೆಯಲ್ಲಿರಲಿ, ಎರಡರ ನಡುವೆ ಕರೆ ಹಚ್ಚಿ. ಎರಡನೆಯದರ ಮೈಕ್ ಬಂದ್ ಮಾಡಿ, ಅದರ ಇಯರ್‌ಫೋನಿನ ಪಕ್ಕ ಮೊಬೈಲ್ ಇಟ್ಟು ರೆಕಾರ್ಡಿಂಗ್ ಶುರುಮಾಡಿ. ಮೊದಲ ಹೆಡ್‌ಸೆಟ್ ಹಾಕಿದವರು ಗಟ್ಟಿಯಾಗಿ "ಟಾ" ಎನ್ನಲಿ. ಮೊಬೈಲ್‌ಗೆ ಅದು ಎರಡು ಸಲ ಕೇಳುತ್ತದೆ: ಮೊದಲು ಗಾಳಿಯ ಮೂಲಕ, ಆಮೇಲೆ ಕರೆಯ ಮೂಲಕ. ರೆಕಾರ್ಡಿಂಗನ್ನು ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತೆರೆದರೆ ಎರಡು ಗುಡ್ಡ ಕಾಣುತ್ತದೆ. ನಡುವಿನ ಅಂತರವೇ ಒಂದು ದಿಕ್ಕಿನ ವಿಳಂಬ. ಗಾಳಿಯಲ್ಲಿ ಶಬ್ದಕ್ಕೆ ಮೂರು ಮೀಟರ್ ದಾಟಲು ಸುಮಾರು 9 ಮಿಲಿಸೆಕೆಂಡ್ ಬೇಕು. ಬೇಕಾದರೆ ಅದನ್ನು ಕೂಡಿಸಿಕೊಳ್ಳಿ. ಚಪ್ಪಾಳೆ ತಟ್ಟಬೇಡಿ, ಸದ್ದು ಅಳಿಸುವ ತಂತ್ರಾಂಶ ಚಪ್ಪಾಳೆಯನ್ನೇ ನುಂಗುವುದುಂಟು. ಹತ್ತು ಸಲ "ಟಾ" ಅಂದು ಸರಾಸರಿ ತೆಗೆಯಿರಿ, ಕನಿಷ್ಠ ಗರಿಷ್ಠ ಎರಡನ್ನೂ ಬರೆಯಿರಿ. 150ರ ಒಳಗಿದ್ದರೆ ಸಂತೋಷ. 300 ದಾಟಿದರೆ ಸ್ವರ ಸುತ್ತುದಾರಿ ಹಿಡಿದಿದೆಯೇ ಎಂದು ಕೇಳಬೇಕಾದ ಹೊತ್ತು.

ಕರೆ ಮುಗಿದ ಮೇಲೆ ಒಟ್ಟು ಅನುಭವಕ್ಕೂ ಅಂಕ ಕೊಡಿಸಬಹುದು: 5 ಅತ್ಯುತ್ತಮ, 4 ಚೆನ್ನಾಗಿದೆ, 3 ಪರವಾಗಿಲ್ಲ, 2 ಕಳಪೆ, 1 ತೀರಾ ಕಳಪೆ. ಹಲವರ ಸರಾಸರಿಗೆ ದೂರಸಂಪರ್ಕದವರು ಸರಾಸರಿ ಅಭಿಪ್ರಾಯ ಅಂಕ ಎನ್ನುತ್ತಾರೆ. ಮನುಷ್ಯರನ್ನು ಕೂರಿಸದೆ, ಮೂಲ ಧ್ವನಿ ಮತ್ತು ಬಂದ ಧ್ವನಿಯನ್ನು ಹೋಲಿಸಿ ಈ ಅಂಕ ಅಂದಾಜು ಮಾಡುವ ಪೆಸ್ಕ್ 2001ರಲ್ಲಿ, ಪೋಲ್ಕಾ 2011ರಲ್ಲಿ ಮಾನಕಗಳಾದವು. ಆದರೆ ಕಿವಿಗೆ ಹಿತ ಬೇರೆ, ಅಕ್ಷರ ಸ್ಪಷ್ಟ ಬೇರೆ. ತೇಪೆ ಹಾಕಿದ ಸ್ವರ ಹಿತವಾಗಿಯೇ ಇರಬಹುದು, ಹಳ್ಳಿ ಹಲ್ಲಿಯಾಗಿರಬಹುದು. ಶಾಲೆಗೆ ಎರಡನೆಯದೇ ಮುಖ್ಯ.

ತಪ್ಪಿನ ಬಗೆ ನೋಡಿ ಮದ್ದು

ಅ–ಹ ಜೋಡಿಗಳೇ ಹೆಚ್ಚು ತಪ್ಪಿದರೆ ಸದ್ದು ಅಳಿಸುವ ಆಯ್ಕೆಯನ್ನು ಕಡಿಮೆ ಮಾಡಿ, ಅದರ ಬದಲು ಫ್ಯಾನ್ ನಿಲ್ಲಿಸಿ ನೋಡಿ. ಮೈಕ್ ಬಾಯಿಯ ಅಂಚಿನಿಂದ ಎರಡು ಬೆರಳು ದೂರ ಇರಲಿ, ಉಸಿರು ನೇರ ಬಡಿಯಬಾರದು. ದೂರ ಇಮ್ಮಡಿಯಾದರೆ ಸ್ವರ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಸದ್ದು ಇಳಿಯುವುದಿಲ್ಲ.

ಸ–ಶ ತಪ್ಪಿದರೆ ಬ್ಲೂಟೂತ್ ಬಿಟ್ಟು ತಂತಿಯ ಯುಎಸ್‌ಬಿ ಹೆಡ್‌ಸೆಟ್ ಹಾಕಿ. ಮೂರನೆಯ ಮೆಟ್ಟಿಲಲ್ಲೇ ತಪ್ಪಿದರೆ ಸರ್ವರ್ ಸೆಟ್ಟಿಂಗ್‌ನಲ್ಲಿ ಧ್ವನಿಯ ಗುಣಮಟ್ಟ ಕೆಳಗಿಟ್ಟಿರಬಹುದು.

ಲ–ಳ, ನ–ಣ ಮತ್ತು ಅವಧಿಯ ಜೋಡಿ ಐದನೆಯ ಮೆಟ್ಟಿಲಲ್ಲಿ ಮಾತ್ರ ತಪ್ಪಿದರೆ ಪ್ಯಾಕೆಟ್ ಕಳೆಯುತ್ತಿದೆ, ಇಲ್ಲವೇ ಸರ್ವರ್‌ಗೆ ಭಾರ ಹೆಚ್ಚಾಗಿದೆ. ವೈಫೈ ಬದಲು ಕೇಬಲ್ ಹಾಕಿ. ಕರೆ ನಡೆಯುವಾಗ ವಿಡಿಯೋ ನಿಲ್ಲಿಸಿ. ಸ್ವರದ ಪ್ಯಾಕೆಟ್‌ಗೆ ಮೊದಲ ಆದ್ಯತೆ ಕೊಡಲು ಜಾಲ ನೋಡಿಕೊಳ್ಳುವವರಿಗೆ ಹೇಳಿ.

ಎರಡನೆಯ ಮೆಟ್ಟಿಲಲ್ಲಿ ಚೆನ್ನಾಗಿದ್ದು ಮೂರನೆಯದರಲ್ಲಿ ಚಟಪಟ ಸದ್ದು ಬಂದರೆ, ಹೆಡ್‌ಸೆಟ್ಟಿನ ಇಡೀ ಯುಎಸ್‌ಬಿ ಸಂಚಾರವನ್ನೇ ಸರ್ವರ್‌ಗೆ ಸಾಗಿಸುತ್ತಿರಬಹುದು. ಯುಎಸ್‌ಬಿ ಧ್ವನಿ ಗಡಿಯಾರದ ಹಾಗೆ ಸಮಯಕ್ಕೆ ಸರಿಯಾಗಿ ತಲುಪಬೇಕು, ಜಾಲದ ಏರುಪೇರು ಅದಕ್ಕೆ ಆಗುವುದಿಲ್ಲ. ಧ್ವನಿಗೆಂದೇ ಇರುವ ಪ್ರತ್ಯೇಕ ವಾಹಿನಿಗೆ ಬದಲಿಸಲು ಕೇಳಿ.

ಅಕ್ಷರ ಎಲ್ಲ ಸರಿ, ಮಾತು ಮಾತ್ರ ಡಿಕ್ಕಿ ಹೊಡೆಯುತ್ತದೆ ಅಂದರೆ ಅದು ವಿಳಂಬ. ಹೆಡ್‌ಸೆಟ್ ಬದಲಿಸಿದರೆ ಪ್ರಯೋಜನ ಇಲ್ಲ. ನೇರ ದಾರಿಯ ಏರ್ಪಾಡು ಕೇಳಬೇಕು. ಅದು ಆಗುವವರೆಗೆ ಪರದೆ ಥಿನ್ ಕ್ಲೈಂಟ್‌ನಲ್ಲಿ, ಮಾತು ಮೊಬೈಲ್‌ನಲ್ಲಿ ಇಟ್ಟುಕೊಳ್ಳಬಹುದು.

ಫಲಿತಾಂಶ ಏನು ಮಾಡುವುದು?

"ಲ್ಯಾಬಿನಲ್ಲಿ ಸ್ವರ ಸರಿ ಇಲ್ಲ, ದಯವಿಟ್ಟು ಸರಿಪಡಿಸಿ" ಎಂಬ ಅರ್ಜಿಗೆ "ನೋಡುತ್ತೇವೆ" ಎಂಬ ಉತ್ತರ ಸುಲಭ. "ಲ್ಯಾಪ್‌ಟಾಪ್‌ನಲ್ಲಿ 20ಕ್ಕೆ 20, ಥಿನ್ ಕ್ಲೈಂಟ್ ಕರೆಯಲ್ಲಿ ಲ್ಯಾಬ್ ಖಾಲಿ ಇದ್ದಾಗ 19, ತುಂಬಿದಾಗ 13, ವಿಳಂಬ ಖಾಲಿ ಇದ್ದಾಗ 140, ತುಂಬಿದಾಗ 380 ಮಿಲಿಸೆಕೆಂಡ್" ಎಂದು ಬರೆದ ಅರ್ಜಿಯನ್ನು ತಳ್ಳಿಹಾಕುವುದು ಕಷ್ಟ. ಇದು ಬರೀ ಮಾದರಿ. ನಿಮ್ಮ ಅಂಕಿ ನೀವೇ ತುಂಬಿಸಬೇಕು. ಅರ್ಜಿಯಲ್ಲಿ ದಿನ, ಹೊತ್ತು, ಹೆಡ್‌ಸೆಟ್ ಮಾದರಿ, ಕೇಬಲ್ಲೋ ವೈಫೈಯೋ ಇವಿಷ್ಟು ಇರಲಿ.

ಮಕ್ಕಳ ಮಟ್ಟಿಗೆ ಒಂದು ನಿಯಮ ಇಟ್ಟುಕೊಳ್ಳೋಣ. ದೂರದಿಂದ ಮಗುವಿನ ಓದು ಕೇಳಿ ಉಚ್ಚಾರಕ್ಕೆ ಅಂಕ ಕೊಡುವ ಮೊದಲು ಆ ದಾರಿಯಲ್ಲಿ ಈ ಹತ್ತು ಜೋಡಿ ಓಡಿಸಿ ನೋಡಬೇಕು. ದಾರಿಯಲ್ಲೇ ತಪ್ಪುವ ಜೋಡಿಗೆ ಮಗುವಿನ ಅಂಕ ಕಳೆಯಬಾರದು. ಅನುಮಾನ ಇದ್ದರೆ ಎದುರು ಕೂರಿಸಿ ಇನ್ನೊಮ್ಮೆ ಓದಿಸಬೇಕು. ಕೆಲಸಕ್ಕೆ ಹೋದ ನಮ್ಮ ಹುಡುಗ ಹುಡುಗಿಯರಿಗೂ ಇದನ್ನು ಹೇಳಿಕೊಡುವುದು ಒಳ್ಳೆಯದು. "ನಿಮ್ಮ ಮಾತು ಗ್ರಾಹಕರಿಗೆ ತಿಳಿಯುವುದಿಲ್ಲ" ಎಂದು ಮೇಲಿನವರು ಅಂದಾಗ ಊರಿನ ಭಾಷೆಗೆ ನಾಚಿ ತಲೆ ತಗ್ಗಿಸುವ ಮೊದಲು, ಅದೇ ಮಾತನ್ನು ಬೇರೆ ಹೆಡ್‌ಸೆಟ್‌ನಲ್ಲಿ, ಬೇರೆ ಯಂತ್ರದಲ್ಲಿ ಕೇಳಿಸಿ ನೋಡಿ ಅಂತ ಧೈರ್ಯವಾಗಿ ಹೇಳಲು ಅವರಿಗೆ ಬರಬೇಕು.

ಒಂದು ವಿಜ್ಞಾನ ಕ್ಲಬ್ಬಿನ ಅವಧಿ ಸಾಕು, ಖರ್ಚು ಏನೂ ಇಲ್ಲ. ಎಂಟನೆಯ, ಒಂಬತ್ತನೆಯ ಮಕ್ಕಳೇ ಓದಲಿ, ಬರೆಯಲಿ, ಕೋಷ್ಟಕ ತುಂಬಲಿ. ನಿಮ್ಮ ಲ್ಯಾಬಿನಲ್ಲಿ ಯಾವ ಜೋಡಿ ಯಾವ ಮೆಟ್ಟಿಲಲ್ಲಿ ಬಿತ್ತು ಎಂಬುದನ್ನು ಪತ್ರಿಕೆಗೆ ಬರೆದು ಕಳುಹಿಸಿ. ಅಕ್ಕಲಕೋಟೆಯ ಲ್ಯಾಬಿಗೂ ಕಾಸರಗೋಡಿನ ಲ್ಯಾಬಿಗೂ ಒಂದೇ ರೋಗ ಇದ್ದರೆ ಮದ್ದನ್ನೂ ಒಟ್ಟಿಗೆ ಕೇಳಬಹುದು.